ಉಕ್ಕುವ ಹಾಲಿಗೊಂದು ಚೌಕ

ಚೆನ್ನೈಯ ಗಿಂಡಿ ಬಡಾವಣೆಯ ಆ ಕಂಪನಿಯಲ್ಲಿ ಅಂದು ಉಕ್ಕಿದ ಹಾಲನ್ನು ಕಂಡು ಅಡ್ಯಾರ್ ನದಿ ಹೊಟ್ಟೆಕಿಚ್ಚಿನಿಂದ ಎರಡು ದಿನ ಹರಿಯಲೇ ಇಲ್ಲ. ಸುಳ್ಳೆನ್ನುವವರು ಚರಣನ ಹೊಸ ಬೂಟುಗಳನ್ನು ಕೇಳಬಹುದು.

ಅವನು ಪುತ್ತೂರಿನಿಂದ ಬಂದು ಕೆಲಸಕ್ಕೆ ಸೇರಿ ಆಗಿನ್ನೂ ಹತ್ತೇ ನಿಮಿಷ. ಬಾಗಿಲು ದಾಟಿದವನ ಕಾಲಿಗೆ ಬಿಸಿ ಹಾಲಿನ ಅಭಿಷೇಕ! ತಲೆಯೆತ್ತಿದರೆ ಎದುರಿಗೆ ಪ್ರಣಮ್ಯಾ. ಚೆನ್ನೈಯ ಇಡೀ ಮೇ ತಿಂಗಳು ಅವಳ ಎರಡು ಕಣ್ಣುಗಳಲ್ಲಿತ್ತು.

ಅವಳದು ತಾನೇ ಹಾಲು ಕಾಯಿಸಿ ತಾನೇ ನಿಲ್ಲುವ ಯಂತ್ರ. ಕಂಪ್ಯೂಟರಿನಲ್ಲಿ ಚೌಕಕ್ಕೆ ಚೌಕ ಜೋಡಿಸಿ, ನಡುವೆ ಬಾಣ ಎಳೆದು, ಯಂತ್ರ ಹುಟ್ಟುವ ಮೊದಲೇ ಅದನ್ನು ಪರದೆಯ ಮೇಲೆ ಓಡಿಸಿ ನೋಡುವುದರಲ್ಲಿ ಮೂರು ಲೋಕದಲ್ಲೂ ಅವಳಿಗೆ ಸಮ ಇಲ್ಲ. ಪರದೆಯ ಮೇಲೆ ಹಾಲು ಒಮ್ಮೆಯೂ ಉಕ್ಕಿರಲಿಲ್ಲ.

“ಗ್ರಾಫ್ ಚಂದ ಉಂಟು ಮೇಡಂ,” ಎಂದ ಚರಣ್, ಬೂಟು ಒರೆಸುತ್ತ. “ಆದ್ರೆ ನೀವು ಅಲ್ಲಿ ಕಾಯಿಸಿದ್ದು ನೀರು. ನೀರಿಗೆ ಕೆನೆ ಎಲ್ಲಿ ಉಂಟು?”

ಮೈಲಾಪೂರಿನ ಹೋಟೆಲ್ ಮೋನಪ್ಪನ ಮಗಳಿಗೆ, ಹೋಟೆಲಿನ ಮೇಲಿನ ಮನೆಯಲ್ಲೇ ಬೆಳೆದವಳಿಗೆ, ಹಾಲಿನ ಪಾಠ! ‘ಇವನ ಮುಖ ನೋಡಿದರೆ...’ ಎಂದುಕೊಂಡು ನೋಡಿದಳು. ಚೆನ್ನಾಗಿತ್ತು. ಸಿಟ್ಟು ಇನ್ನೂ ಏರಿತು.

ಹೀಟರಿನ ಬಿಸಿ ತುಸು ತಗ್ಗಿಸಿ, ಇಷ್ಟೇ ಸಾಕೆಂದುಕೊಂಡಳು. ಹನ್ನೆರಡನೆಯ ದಿನ ಶುಕ್ರವಾರ ಕೊನೆಯ ಪರೀಕ್ಷೆ. ಮೊದಲ ಗಿರಾಕಿ ಅಪ್ಪನೇ. ಅವರೆದುರು ಸೋತರೆ ಎರಡು ವರ್ಷದ ಯಂತ್ರ ಗುಜರಿಗೆ ಎಂದು ಮ್ಯಾನೇಜರ್ ದಾಕ್ಷಾಯಿಣಿ ಹೇಳಿಬಿಟ್ಟಿದ್ದರು.

ಗುರುವಾರ ಫೈಲ್ ತೆರೆದರೆ ತನ್ನ ಚೌಕಗಳ ನಡುವೆ ಹೊಸದೊಂದು ಚೌಕ! ಸೇರಿಸಿದವನು ಚರಣ್.

‘ಕೊನೆಗೆ ಬಂದು ಹೆಸರು ಗಿಟ್ಟಿಸಲು ನೋಡುತ್ತಾನೆ...’

ಬಾಣ ಕಿತ್ತು ಚೌಕವನ್ನು ಮೂಲೆಗೆ ತಳ್ಳಿದಳು. ಆಫೀಸಿನ ಗೋಡೆಗಳು ಇಂದಿಗೂ ಬೆವರುವಂತೆ ಅವನನ್ನು ಬೈದಳು. ಅವನು ಒಂದೇ ಮಾತು ಹೇಳಿದ: “ಒಳಗೆ ತೆರೆದು ನೋಡಿ.”

ಅವಳು ನೋಡಲಿಲ್ಲ.

ಶುಕ್ರವಾರ ಹಾಲು ಮತ್ತೆ ಉಕ್ಕಿತು. ದಾಕ್ಷಾಯಿಣಿ ಗಡಿಯಾರ ನೋಡಿ ಸರಿಪಡಿಸಲು ಅರ್ಧ ಗಂಟೆ ಕೊಟ್ಟರು. ಪ್ರಣಮ್ಯಾಳ ಕಣ್ಣು ತುಂಬಿತು.

ಮೋನಪ್ಪ ಮಾತ್ರ ಮೂಲೆಯಲ್ಲಿ ನಿಂತವನನ್ನೇ ದಿಟ್ಟಿಸುತ್ತಿದ್ದರು. “ಇವ ಎಂತ ಇಲ್ಲಿ? ಹನ್ನೊಂದು ದಿನದಿಂದ ಬೆಳಗ್ಗೆ ಐದಕ್ಕೆ ನಮ್ಮ ಹಾಲಿನ ಪಾತ್ರೆ ಹತ್ರ ಸ್ಕೇಲ್ ಹಿಡ್ಕೊಂಡು ನಿಲ್ಲುದು ಇವನೇ ಅಲ್ವಾ ಮಾರಾಯ್ತಿ! ಅಡುಗೆಯ ಸಮೈಯಲ್ ಮಾಸ್ಟರ್ ಇವನಿಗೆ ‘ಪೈತ್ಯ’, ಅಂದ್ರೆ ಹುಚ್ಚ, ಅಂತ ಹೆಸರಿಟ್ಟಿದ್ದಾರೆ.”

ಪ್ರಣಮ್ಯಾ ತಾನು ಮೂಲೆಗೆ ತಳ್ಳಿದ್ದ ಚೌಕ ತೆರೆದಳು.

ಒಳಗೆ ನೊರೆಯ ಎತ್ತರ, ಅದು ಏಳುವ ವೇಗ, ಉಕ್ಕುವ ಮೊದಲೇ ಬಿಸಿ ತಗ್ಗಿಸುವ ಲೆಕ್ಕ. ಕೆಳಗೆ ಪುಟ್ಟ ಅಕ್ಷರದಲ್ಲಿ ‘ವಿನ್ಯಾಸ: ಪ್ರಣಮ್ಯಾ’.

ಕಿತ್ತ ಬಾಣವನ್ನು ತಾನೇ ಜೋಡಿಸಿ ಹೊಸ ಲೆಕ್ಕವನ್ನು ಯಂತ್ರಕ್ಕೆ ತುಂಬಿದಳು. ಹಾಲು ಏರಿತು... ಅಂಚಿನವರೆಗೆ ಬಂತು... ಉಸಿರು ಬಿಟ್ಟು ಕೆಳಗಿಳಿಯಿತು. ಮೋನಪ್ಪನ ಚಪ್ಪಾಳೆಗೆ ಮೆಟ್ರೋ ರೈಲೇ ಹೆದರಿ ನಿಂತಿತಂತೆ.

ಎಲ್ಲರೂ ಹೋದ ಮೇಲೆ ಅವಳು ಅವನ ಮೇಜಿನ ಬಳಿ ನಿಂತಳು.

“ಸಾರಿ, ಚರಣ್. ಆದ್ರೆ ಒಂದು ಡೌಟ್. ಒಳಗೆ ಮೂರೇ ದಿನದ ಅಳತೆ ಉಂಟು. ಉಳಿದ ಎಂಟು ದಿನ?”

“ಕಾಫಿ ಒಳ್ಳೆದಿತ್ತು.”

“ನಿಜ ಹೇಳಿ.”

ಅವನು ತನ್ನ ಕಲೆಯಾದ ಬೂಟು ನೋಡಿಕೊಂಡ. “ಮೇಲಿಂದ ನೀವು ಇಳಿದು ಬರ್ತೀರೇನೋ ಅಂತ...”

“ಏಳು ಗಂಟೆಗೆ ಮೊದಲು ನಾನು ಏಳುದೇ ಇಲ್ಲ, ಪೈತ್ಯ.”

“ಗೊತ್ತಾಯ್ತು. ಎಂಟು ದಿನ ಹಿಡಿಯಿತು.”

ಅವಳು ಫೋನ್ ತೆಗೆದು ಅಲಾರಾಂ ಇಟ್ಟು ಅವನ ಮುಂದೆ ಹಿಡಿದಳು. ನಾಲ್ಕು ಐವತ್ತು.

“ಸ್ಕೇಲ್ ತರ್ಬೇಡಿ,” ಎಂದಳು.