ಜಟಾಯುವಿಗೆ ನೀರು ಬಿಟ್ಟ ಚಿತ್ರ

"ಇದು ಆ ಫೋಟೋ ಅಲ್ಲ ಮೇಡಂ."

ಹೊಸದಾಗಿ ಕೆಲಸಕ್ಕೆ ಸೇರಿದ್ದ ಸಾಹಿತ್ಯ ಗಿರಿಜಾಳತ್ತ ತಿರುಗಿದಳು. ಕೈಯಲ್ಲಿದ್ದ ಫೋಟೋದ ಹಿಂಬದಿ ಖಾಲಿ. ಅಲ್ಲಿ ಇರಬೇಕಾಗಿದ್ದ ಹಳೆಯ ಮೊಹರು ಎಲ್ಲಿ?

ವಿಶಾಖಪಟ್ಟಣದ ಕಡಲ ದಂಡೆಯ ಚಿತ್ರಶಾಲೆ ಅದು. ಸಂಜೆಗೆ ಪ್ರದರ್ಶನದ ಉದ್ಘಾಟನೆ. ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಗುರುದತ್ತ ತಟ್ಟನೆ ಕಣ್ಣು ಬಿಟ್ಟ. ಮೈಸೂರಿನಿಂದ ವರ್ಗವಾಗಿ ಗಾಜುವಾಕದ ಬ್ಯಾಂಕ್ ಶಾಖೆಗೆ ಬಂದ ಅಧಿಕಾರಿ ಅವನು. ಭಾನುವಾರವಾದ್ದರಿಂದ ಹೆಂಡತಿ ಗಿರಿಜಾಳ ಜೊತೆ ಬಂದಿದ್ದ. ಹಳೆಯ ಫೋಟೋಗಳನ್ನು ಪರಿಶೀಲಿಸಿ ಪರಿಚಯ ಬರೆಯುವುದು ಗಿರಿಜಾಳ ಕೆಲಸ. ಅವಳ ಕಣ್ಣಿನ ಬಗ್ಗೆ ಗುರುದತ್ತನಿಗೆ ಅಪಾರ ಮೆಚ್ಚುಗೆ. ಆ ಕಣ್ಣಿಂದ ತಾನೂ ಎಂದೂ ತಪ್ಪಿಸಿಕೊಂಡಿಲ್ಲವೆಂಬ ಅಳುಕೂ ಇತ್ತೆನ್ನಿ.

ಫೋಟೋಗಳು ವಿಜಯವಾಡದ ಒನ್ ಟೌನ್ ಪೇಟೆಯ ವ್ಯಾಪಾರಿ ಮನೆತನದವು. ಆ ಮನೆಯಲ್ಲಿದ್ದ ಸಚಿತ್ರ ರಾಮಾಯಣದ ಹಸ್ತಪ್ರತಿ ಗೆದ್ದಲು ಪಾಲಾಗಿ ಎಷ್ಟೋ ಕಾಲವಾಗಿತ್ತು. ಅದಕ್ಕೆ ಮೊದಲೇ ಮನೆಯ ಹಿರಿಯರು ಗಾಜಿನ ನೆಗೆಟಿವ್ ಮೇಲೆ ಪುಟಪುಟದ ಫೋಟೋ ತೆಗೆದು, ತಾವೇ ಅಚ್ಚು ಹಾಕಿ, ಹಿಂದೆ ಮೊಹರೊತ್ತಿ ಇಟ್ಟಿದ್ದರು. ಬಣ್ಣವಿಲ್ಲದ ಆ ಫೋಟೋಗಳಲ್ಲೂ ಕುಂಚದ ಒಂದೊಂದು ಎಳೆ ಕಾಣುತ್ತಿತ್ತು. ಇಂಥದ್ದನ್ನು ಉಳಿಸಿಕೊಟ್ಟ ಪುಣ್ಯಾತ್ಮನಿಗೆ ಕೈಮುಗಿಯಬೇಕು ಎಂದು ಗುರುದತ್ತನಂಥ ಲೆಕ್ಕದ ಮನುಷ್ಯನಿಗೂ ಅನ್ನಿಸಿತ್ತು.

ಆ ಹಿರಿಯರ ಮಗ ರಾಮಮೋಹನ್ ಬೆಳಗಿನ ರೈಲಿಗೆ ಬಂದು ನಿಂತಿದ್ದರು. ಬಳ್ಳಾರಿಯ ವ್ಯಾಪಾರದಿಂದ ಕನ್ನಡ ಕಲಿತವರು.

"ಪೆಟ್ಟಿಗೆ ತುಂಬಿಕೊಟ್ಟೋನು ನಾನು. ತಂದೋಳು ಈ ಹುಡುಗಿ. ಪೊಲೀಸರಿಗೆ ಹೇಳ್ತೀನಿ. ನಿಮ್ಮ ಪ್ರದರ್ಶನವೂ ಬೇಡ, ಏನೂ ಬೇಡ."

ಸಾಹಿತ್ಯಳ ಮುಖ ಬಿಳುಚಿತು. ಇದು ಅವಳ ಮೊದಲ ಕೆಲಸ. ಕಳ್ಳಿ ಎನ್ನಿಸಿಕೊಂಡರೆ ಮುಂದೆ ಯಾರು ಹಳೆಯ ಪೆಟ್ಟಿಗೆಯೊಂದನ್ನು ಮುಟ್ಟಲು ಬಿಟ್ಟಾರು?

"ಪೆಟ್ಟಿಗೆ ಎಲ್ಲಾದ್ರೂ ಬಿಟ್ಟಿದ್ದೆಯಾ?" ಗಿರಿಜಾ ಕೇಳಿದಳು.

"ರೈಲಲ್ಲಿ ಮಡಿಲಲ್ಲೇ ಇಟ್ಕೊಂಡಿದ್ದೆ ಕದಾ ಮೇಡಂ," ಗಾಬರಿಯಲ್ಲಿ ಸಾಹಿತ್ಯಳ ಮಾತಲ್ಲಿ ತೆಲುಗು ನುಸುಳಿತು. "ನಿನ್ನೆ ಸಂಜೆ ಇಲ್ಲಿ ಬೀರುವಲ್ಲಿಟ್ಟು ಬೀಗ ಹಾಕ್ದೆ."

"ಬೀಗದ ಕೈ?"

"ಮೇಜಿನ ಮೇಲೆ..." ಸಾಹಿತ್ಯ ತಲೆ ತಗ್ಗಿಸಿದಳು.

"ನಿನ್ನೆ ಇಲ್ಲಿ ಇನ್ಯಾರಿದ್ರು?"

"ನಾನಿದ್ದೆ," ಎಂದ ಚರಣ್. ಪ್ರದರ್ಶನದ ವಿನ್ಯಾಸಕ, ಬೆಂಗಳೂರಿನ ಯುವಕ. "ಫ್ರೇಮ್ ಜೋಡಿಸ್ತಿದ್ದೆ."

"ಇವತ್ತು ತಡವಾಗಿ ಬಂದ್ರಲ್ಲ?"

"ಅಪ್ಪ ಊರಿಂದ ಬಂದಿದಾರೆ ಮೇಡಂ. ಸಿಂಹಾಚಲಕ್ಕೆ ಕರ್ಕೊಂಡು ಹೋಗಿದ್ದೆ."

"ಇದು ಹೊಸ ಅಚ್ಚು. ಗಾಜಿನ ನೆಗೆಟಿವ್‌ಗಳ ಸ್ಕ್ಯಾನ್ ಯಾರ ಹತ್ರ ಇದೆ?"

"ನಾನು ಮಾಡಿ ಇವರಿಬ್ಬರಿಗೂ ಕಳಿಸಿದ್ದೆ," ಎಂದಳು ಸಾಹಿತ್ಯ.

ರಾಮಮೋಹನ್ ತಲೆಯಾಡಿಸಿದರು. ಚರಣ್ ನಕ್ಕ. "ನಾನು ತೆರೆದೂ ನೋಡಿಲ್ಲ. ನನಗೆ ಅಳತೆ ಗೊತ್ತಾದ್ರೆ ಸಾಕು."

ಕದ್ದವರು ಯಾರು? ವಿಮೆಯ ಆಸೆಗೆ ಮಾಲೀಕರೇ ಬದಲಿಸಿರಬಹುದೆ? ಗುರುದತ್ತನ ಊಹೆ ಅತ್ತ ಓಡಿತು. ಗಿರಿಜಾ ಮಾತ್ರ ಆ ನಕಲಿಯನ್ನು ಕಿಟಕಿಯ ಬಳಿ ಹಿಡಿದು ನೋಡುತ್ತಲೇ ಇದ್ದಳು. ಹೊಳೆಯ ದಡದಲ್ಲಿ ರಾಮ ಮಂಡಿಯೂರಿದ್ದಾನೆ. ಬಿಲ್ಲು ನೆಲದ ಮೇಲಿದೆ. ಜಟಾಯುವಿನ ಚಿತೆ ಆರಿದೆ. ರಾಮ ಎರಡೂ ಕೈಗಳ ಬೊಗಸೆಯಿಂದ ಸತ್ತ ಹಕ್ಕಿಗೆ ನೀರು ಬಿಡುತ್ತಿದ್ದಾನೆ. ಎದೆಯ ಮೇಲೆ ಓರೆಯಾಗಿ ಜನಿವಾರದ ಬಿಳಿ ಗೆರೆ.

"ನಕಲು ಮಾಡಿದೋರು ಅವಸರದಲ್ಲಿ ಎಡಬಲ ಅದಲುಬದಲು ಮಾಡಿಬಿಟ್ಟಿದಾರೆ," ಎಂದಳು, ಅಡುಗೆಗೆ ಉಪ್ಪು ಕಮ್ಮಿ ಎನ್ನುವಷ್ಟು ಸಲೀಸಾಗಿ.

ರಾಮಮೋಹನ್ ಕನ್ನಡಕ ಹುಡುಕತೊಡಗಿದರು. ಅಷ್ಟರಲ್ಲಿ ಚರಣ್ ಬಾಯಿ ಹಾಕಿದ.

"ಇಲ್ಲ ಮೇಡಂ, ಇದೇ ಸರಿ. ಜನಿವಾರ ಎಡ ಹೆಗಲ ಮೇಲಿದೆ ನೋಡಿ. ಸ್ಕ್ಯಾನ್‌ನಲ್ಲೇ ಅದು ತಿರುಗಿತ್ತು."

"ಹೌದಾ? ತೆರೆದೂ ನೋಡಿಲ್ಲ ಅಂದ್ರಿ?"

ಚರಣ್ ಕೈಯಲ್ಲಿದ್ದ ಅಳತೆ ಪಟ್ಟಿಯನ್ನು ಮೇಜಿನ ಮೇಲಿಟ್ಟ.

"ಎಲ್ಲರೂ ಫೋಟೋದ ಹಿಂಬದಿ ನೋಡಿ ಗಾಬರಿಯಾದ್ರಿ, ಮುಂಬದಿ ಯಾರೂ ನೋಡಲಿಲ್ಲ," ಎಂದಳು ಗಿರಿಜಾ. "ಗಾಜಿನ ನೆಗೆಟಿವ್ ಮಗ್ಗುಲು ತಪ್ಪಿದ್ರೆ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತೆ. ಜನಿವಾರ ಎಡ ಹೆಗಲಿಗೆ ಬರೋ ಹಾಗೆ ತಿರುಗಿಸಿ ಸರಿಮಾಡೋದು ಈ ಕೆಲಸದ ರೂಢಿ. ನೀವೂ ಅದನ್ನೇ ಮಾಡಿದ್ರಿ. ಆದ್ರೆ ಇಲ್ಲಿ ರಾಮ ಮಾಡ್ತಿರೋದು ಏನು?"

ಗುರುದತ್ತನ ಕೈ ಅವನಿಗರಿವಿಲ್ಲದೆ ತನ್ನ ಬಲ ಹೆಗಲಿಗೆ ಹೋಯಿತು. ಕಳೆದ ತಿಂಗಳು ಅಪ್ಪನ ಶ್ರಾದ್ಧದಲ್ಲಿ ಪುರೋಹಿತರು ಅಪಸವ್ಯ ಎಂದಾಗ ತಡವರಿಸಿ ಕೂತವನಿಗೆ, ಜನಿವಾರ ಬಲಕ್ಕೆ ಹಾಕೆಂದು ಅಡುಗೆಮನೆಯ ಬಾಗಿಲಿಂದ ಸನ್ನೆ ಮಾಡಿದವಳು ಇವಳೇ.

"ತರ್ಪಣ," ಎಂದರು ರಾಮಮೋಹನ್ ಮೆಲ್ಲಗೆ. "ಅಮಾವಾಸ್ಯೆ ಅಮಾವಾಸ್ಯೆಗೂ ನಾನ್ನಗಾರಿಗೆ, ನಮ್ಮ ತಂದೆಯವರಿಗೆ, ನೀರು ಬಿಡ್ತೀನಿ. ಜಂಧ್ಯ, ಅದೇ ಜನಿವಾರ, ಆಗ ಬಲಕ್ಕೇ ಇರಬೇಕು."

"ಹಾಗಾಗಿ ನೀವು ಇದನ್ನ ತಿದ್ತಿರಲಿಲ್ಲ. ಸಾಹಿತ್ಯ ಮೂಲ ಫೋಟೋನ ಪಕ್ಕದಲ್ಲಿಟ್ಕೊಂಡು ಸ್ಕ್ಯಾನ್ ಮಾಡಿದೋಳು, ಅವಳಿಗೆ ತಿದ್ದೋ ಪ್ರಮೇಯವೇ ಇಲ್ಲ. ಚರಣ್, ನಿಮ್ಮ ತಂದೆ ಇದಾರೆ. ಜನಿವಾರ ಬಲಕ್ಕೆ ಹಾಕೋ ಸಂದರ್ಭ ನಿಮಗೆ ಬಂದಿಲ್ಲ. ಇನ್ನೂ ಬಹಳ ಕಾಲ ಬರದಿರಲಿ."

ಚರಣ್ ಖಾಲಿ ಫ್ರೇಮೊಂದನ್ನು ತೆಗೆದು ಅದರ ಹಿಂಬದಿಯ ರಟ್ಟು ಬಿಚ್ಚಿದ. ಮೂಲ ಫೋಟೋ ಅಲ್ಲಿತ್ತು. ಹಳೆಯ ಫೋಟೋಗಳನ್ನು ಕೂಡಿಡುವವನೊಬ್ಬ ಒಳ್ಳೆಯ ಬೆಲೆ ಹೇಳಿದ್ದನಂತೆ.

"ಅಪ್ಪನಿಗೆ ಹೇಳ್ಬೇಡಿ ಮೇಡಂ."

"ನಾನು ಹೇಳಲ್ಲ. ನೀವೇ ಹೇಳಿ," ಎಂದಳು ಗಿರಿಜಾ.

ರಾಮಮೋಹನ್ ಎರಡೂ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ನಕಲಿಯಲ್ಲಿ ರಾಮ ಕಾಡುಹಕ್ಕಿಯೊಂದಕ್ಕೆ ನೀರು ಬಿಡುತ್ತಿದ್ದ. ಮೂಲದಲ್ಲಿ, ಅದೇ ಹಕ್ಕಿಗೆ ತಂದೆಗೆ ಬಿಡುವಂತೆ. ಹೆಸರೂ ಗೊತ್ತಿಲ್ಲದ ಆ ಚಿತ್ರಕಾರ ಒಂದೇ ಗೆರೆಯಲ್ಲಿ ಎಂಥ ಮಾತು ಹೇಳಿದ್ದಾನಲ್ಲ ಎಂದು ಗುರುದತ್ತನ ಕಣ್ಣು ತೇವವಾಯಿತು.

ರಾಮಮೋಹನ್ ಮೂಲ ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿ ಸಾಹಿತ್ಯಳಿಗೆ ಕೊಟ್ಟರು.

"ತಪ್ಪು ಮಾತಾಡಿದೆನಮ್ಮಾ. ಇದನ್ನ ಬಾಗಿಲ ಎದುರಿನ ಗೋಡೆಗೇ ಹಾಕು. ಯುದ್ಧಕಾಂಡದ ಪೆಟ್ಟಿಗೆ ಮನೇಲಿದೆ, ಇದುವರೆಗೆ ಹೊರಗಿನವರಿಗೆ ಕೊಟ್ಟಿಲ್ಲ. ಮುಂದಿನ ವಾರ ನೀನೇ ಬಂದು ತಗೊಂಡು ಹೋಗು."

ಅಲ್ಲಿಯವರೆಗೆ ಗಟ್ಟಿಯಾಗಿ ನಿಂತಿದ್ದ ಸಾಹಿತ್ಯ ಆಗ ಅತ್ತಳು.