ತಾಳ ಹಾಕಿದ ಹಿಮ್ಮಡಿ

ದೇವರಾಣೆಗೂ ನಾನು ಏನನ್ನೂ ಕಾಣಲಿಲ್ಲ, ಕೇಳಿದ್ದನ್ನಷ್ಟೇ ಹೇಳುತ್ತೇನೆ. ತೀರಿಹೋದ ಅಣ್ಣ ನುಡಿಸಿದ ಗಿಟಾರ್ ರೆಕಾರ್ಡಿಂಗ್ ಒಂದೇ ಉಳಿದಿತ್ತು. ಮೈಕ್ ಇಡದೆ, ಗಿಟಾರಿನಿಂದ ನೇರ ಕಂಪ್ಯೂಟರಿಗೆ ಇಳಿಸಿದ್ದು. ತಂತಿಯ ದನಿ ಬಿಟ್ಟು ಬೇರೇನೂ ಅದರಲ್ಲಿ ಬೀಳುವಂತಿರಲಿಲ್ಲ. ಅವನ ಮಗಳಿಗೆ, ಚಿಕ್ಕಂದಿನಲ್ಲಿ ಕಲಿತ ಆ ಹಾಡನ್ನು ಮೊದಲ ಸಲ ರೆಕಾರ್ಡ್ ಮಾಡುವಾಗ ಅಪ್ಪನೇ ನುಡಿಸಬೇಕೆಂಬ ಹಟ.

“ಚಿಕ್ಕಪ್ಪಾ, ಬರೀ ಒಣ ದನಿ. ಇದ್ರಲ್ಲಿ ಅಪ್ಪಾನೇ ಇಲ್ಲ.”

ಹಾಡುಹಗಲಲ್ಲೇ ಅದನ್ನು, ರೆಕಾರ್ಡಾದ ದನಿಯನ್ನು ಗಿಟಾರಿನಿಂದಲೇ ಬಂದಂತೆ ಮಾರ್ಪಡಿಸುವ ರೀಆಂಪ್ ಪೆಟ್ಟಿಗೆಯ ಮೂಲಕ ಅಣ್ಣನ ಹಳೆಯ ಆಂಪ್ಲಿಫೈಯರಿಗೆ ಕಳಿಸಿ, ಎದುರಿಗೆ ಮೈಕ್ ಇಟ್ಟು ಮತ್ತೆ ರೆಕಾರ್ಡ್ ಮಾಡಿದೆ. ತಣ್ಣಗಿದ್ದ ಕೋಣೆ ಮೆಲ್ಲನೆ ಬೆಚ್ಚಗಾಯಿತು. ಗಿಟಾರಿನ ಜೊತೆಗೇ ಮರದ ನೆಲಕ್ಕೆ ಹಿಮ್ಮಡಿ ಬಡಿಯುವ ಸದ್ದು ಕೇಳಿಸಿತು. ಅಮ್ಮ ಪದ್ಯ ಓದುವಾಗ ಅಣ್ಣ ಹಾಗೆಯೇ ತಾಳ ಹಾಕುತ್ತಿದ್ದ.

“ಕಾಲು ಕುಟ್ತಿರೋದು ನೀವಾ?”

“ಚಕ್ಕಳಮಕ್ಕಳ ಹಾಕ್ಕೊಂಡು ಕೂತಿದ್ದೀನಲ್ಲೇ ತಾಯಿ!”

“ಹಾಗಾದ್ರೆ ಅಪ್ಪ ಬಂದಿದ್ದಾನೆ. ಇನ್ನೊಂದ್ಸಲ ಹಾಕಿ!”

ಈ ಸಲ ಅವಳು ನಗುನಗುತ್ತ ಜೊತೆಗೆ ಹಾಡಿದಳು. ಚಿಕ್ಕಂದಿನಿಂದ ಎಡವುತ್ತಿದ್ದ ಕೊನೆಯ ಸಾಲಿನಲ್ಲಿ ಮತ್ತೆ ಎಡವಿದಳು.

ಅವಳು ಹಾಡಿದ ಆ ರೆಕಾರ್ಡಿಂಗ್ ಈಗಲೂ ನನ್ನಲ್ಲಿದೆ. ಅದರಲ್ಲಿ ಗಿಟಾರ್ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಹಿಮ್ಮಡಿ ಮಾತ್ರ ನಿಂತು, ಅವಳು ಸಾಲು ಹಿಡಿಯುವವರೆಗೆ ಕಾದು, ಆಮೇಲೆ ನೆಲಕ್ಕೆ ಬೀಳುತ್ತದೆ.