ಎರಡು ತಖ್ತೆಗಳ ತಾಳೆ

"ಓದ್ರಿ. ನನ್ನ ಮಾರಿ ನೋಡ್ಕೋತ ಕುಂತ್ರ ತಖ್ತೆ ತಾಳೆ ಆಗೂದಿಲ್ಲ," ಎಂದಳು ಭಾಮಾ.

ನರಸಿಂಹ ನಕ್ಕ. ನಗು ಕೆಮ್ಮಾಯಿತು.

ಚಿತ್ತಾಪುರದ ಆ ಕಚೇರಿಯಲ್ಲಿ ಇಬ್ಬರದೂ ಒಂದೇ ಕೆಲಸ. ಶಹಾಬಾದಿನ ಕಲ್ಲು ಪಾಲಿಶ್ ಮಾಡುವವರ ಎದೆಯ ಎಕ್ಸ್‌ರೇ ಫಲಿತಾಂಶವನ್ನು ಬೇರೆ ಬೇರೆ ಕೂತು ಗೆರೆ ಎಳೆದ ತಖ್ತೆಗೆ ಇಳಿಸಬೇಕು. ಆಮೇಲೆ ಎದುರುಬದುರು ಕೂತು ತಾಳೆ ನೋಡಬೇಕು. ಇವನು ಓದುತ್ತಾನೆ, ಎರಡರಲ್ಲೂ ಸಾಲು ಒಂದೇ ಇದ್ದರೆ ಅವಳು "ಬರೋಬರ್" ಎನ್ನುತ್ತಾಳೆ. ಆ ಒಂದು ಮಾತು ಅವಳ ಬಾಯಿಂದ ಕೇಳಲಿಕ್ಕೇ ಈ ಪುಣ್ಯಾತ್ಮ ದಿನಾ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ.

ಇವತ್ತು ಮಾತ್ರ ತಖ್ತೆಯಲ್ಲಿ ಅವನದೇ ಹೆಸರೂ ಇತ್ತು. ಹಿಂದೆ ಪಾಲಿಶ್ ಅಂಗಳದಲ್ಲಿ ಗುಮಾಸ್ತನಾಗಿ ವರ್ಷಗಟ್ಟಲೆ ಧೂಳು ಕುಡಿದಿದ್ದನಲ್ಲ, ತಪಾಸಣೆಯಲ್ಲಿ ಅವನೂ ಇದ್ದ. ಅವನ ಶ್ವಾಸಕೋಶದ ಎರಡೂ ಕಡೆ ಕಲೆ. ಮದ್ದಿಲ್ಲದ ರೋಗ. ಭಾಮಾಳನ್ನು ಕೇಳಲು ಅವಳ ಮನೆಗೆ ಹಿರಿಯರನ್ನು ಕಳಿಸಿದ್ದ, ಉತ್ತರ ಇನ್ನೂ ಬಂದಿರಲಿಲ್ಲ. ಅದಕ್ಕೇ ತನ್ನ ತಖ್ತೆಯಲ್ಲಿ ತನ್ನ ಹೆಸರಿನ ಮುಂದೆ 'ಕಲೆಯಿಲ್ಲ' ಎಂದು ಬರೆದುಬಿಟ್ಟಿದ್ದ. ಓದುವ ಭರದಲ್ಲಿ ಆ ಸಾಲೂ ದಾಟಿಹೋದೀತು ಎಂಬ ಹುಚ್ಚು ಆಸೆ!

"ವಿಠೋಬಾ, ಎರಡೂ ಕಡೆ ಕಲೆ."

"ಬರೋಬರ್."

"ಮಜೀದಸಾಬ, ಬಲಗಡೆ ಕಲೆ."

"ಬರೋಬರ್."

"ನರಸಿಂಹ, ಕಲೆಯಿಲ್ಲ."

ಭಾಮಾಳ ಪೆನ್ಸಿಲ್ ನಿಂತಿತು. ಕಾಡಿಗೆಯ ಕಣ್ಣೆತ್ತಿ ಅವನನ್ನೇ ನೋಡಿದಳು.

"ಬರೋಬರ್ ಇಲ್ರಿ."

"ಇದೊಂದ್ಸಲ ಅಂದ್ಬಿಡ್ರಿ ಭಾಮಾ. ನಿಮ್ಮನಿಯವರಿಗೆ ಗೊತ್ತಾದ್ರ ನಿಮ್ಮನ್ನ ನನಗ ಕೊಡೂದಿಲ್ಲ."

"ಸುಳ್ಳು ತಖ್ತೆ ಗುಲ್ಬರ್ಗಾದ ದವಾಖಾನಿಗೆ ಹೋದ್ರ ಅವರು ನಿಮ್ಮನ್ನ ಕರಿಯೂದಿಲ್ಲ. ಗುಣ ಆಗ್ಲಿಕ್ಕಿಲ್ಲ, ಖರೇ. ಉಸಿರಿಗಾದ್ರೂ ಒಂದಿಷ್ಟು ಆಸರ ಆಗ್ತದ."

"ಮೊದ್ಲೇ ಗೊತ್ತಿತ್ತೇನು ನಿಮಗ?"

"ನಿಮ್ಮ ಸಾಲು ನನ್ನ ಕೈಲೇ ಬರದೀನಿ. ಭಾಳ ಅತ್ತೀನಿ. ಆಮ್ಯಾಲ ಮಾರಿ ತೊಳಕೊಂಡು, ಮನಿಗೆ ಹೋಗಿ, ಅಪ್ಪಗ ಎಲ್ಲಾ ಹೇಳೀನಿ. ಹೇಳಿ, ಲಗ್ನ ಆದ್ರ ನಿಮ್ಮನ್ನೇ ಆಗ್ತೀನಿ ಅಂದೀನಿ. ಅಪ್ಪ ನನ್ನ ಜೋಡಿ ಮಾತು ಬಿಟ್ಟಾರ."

ನರಸಿಂಹನಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಉಕ್ಕಿಬಂದವು.

"ಎಷ್ಟು ದಿನದ ಸಂಸಾರ ಇದು, ಭಾಮಾ?"

"ಎಷ್ಟದನೋ ಅಷ್ಟು. ನೀವು ಮೊದ್ಲ ಸಾಲು ತಿದ್ರಿ."

ತಿದ್ದಿದ. 'ಕಲೆಯಿಲ್ಲ'ದ ಮೇಲೆ ಗೆರೆ ಎಳೆದು ನಿಜ ಬರೆದ. ಮತ್ತೆ ಓದಿದ.

"ನರಸಿಂಹ, ಎರಡೂ ಕಡೆ ಕಲೆ."

ಭಾಮಾ ಮೇಜಿನಾಚೆಯಿಂದ ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅಳುತ್ತಲೇ ಅಂದಳು, "ಬರೋಬರ್."